ಸಭೆಯಲ್ಲಿ ಎದ್ದು ನಿಂತ ತಾಯಿ

ನಮ್ಮ ಶಾಲೆಗೆ ಬರುವ ತಂದೆತಾಯಿಗಳು ಅನೇಕ ಸಾರಿ ಹೆಮ್ಮೆಯಿಂದ ಹೇಳುವ ಮಾತೊಂದುಂಟು: "ನಮ್ಮ ಮಗಳು ಬಹಳ ಸಾಧು, ನಾಲ್ಕು ಜನರ ಮುಂದೆ ಬಾಯಿ ಬಿಡುವವಳಲ್ಲ." ಮಗಳ ನಮ್ರತೆಯನ್ನು ಮೆಚ್ಚುವುದು ನ್ಯಾಯವೇ. ಆದರೆ ಅವಳ ಹೆದರಿಕೆಯನ್ನೂ ನಮ್ರತೆಯೆಂದೇ ಕರೆದು ಹೊಗಳುವುದು ಅವಳಿಗೆ ಹಿತವಲ್ಲ. ಈ ಎರಡಕ್ಕೂ ಇರುವ ಭೇದವನ್ನು ತಮ್ಮ ಜೀವಿತದಿಂದಲೇ ತೋರಿಸಿಕೊಟ್ಟ ಉಜ್ಜೀವನ ಉಪದೇಶಿನಿ, ಇಂಗ್ಲೆಂಡಿನ ಕ್ಯಾಥರೀನ್ ಬೂತ್ ಅಮ್ಮನವರ ವಿಷಯವಾಗಿ ಇಲ್ಲಿ ಕೆಲವು ಮಾತುಗಳನ್ನು ಬರೆಯಬಯಸುತ್ತೇನೆ.

ಅವರು 1829ನೆಯ ಇಸವಿ ಜನವರಿ 17ರಂದು ಡರ್ಬಿಷೈರಿನ ಆಶ್‌ಬೋರ್ನ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಕುದುರೆಗಾಡಿಗಳನ್ನು ತಯಾರಿಸುವ ಕಸುಬಿನವರು. ತಾಯಿಯು ಮಗಳನ್ನು ಬಹುಮಟ್ಟಿಗೆ ಮನೆಯಲ್ಲಿಯೇ ಓದಿಸಿದರು. ಹನ್ನೆರಡು ವರ್ಷ ತುಂಬುವುದರೊಳಗೆ ಹುಡುಗಿಯು ಸತ್ಯವೇದವನ್ನು ಎಂಟು ಸಾರಿ ಓದಿದ್ದಳೆಂದು ಚರಿತ್ರಕಾರರು ಹೇಳುತ್ತಾರೆ. ಬೆನ್ನೆಲುಬಿನ ರೋಗದಿಂದ ತಿಂಗಳುಗಟ್ಟಲೆ ಹಾಸಿಗೆ ಹಿಡಿದಾಗಲೂ ಅವರ ಓದು ನಿಲ್ಲಲಿಲ್ಲ. 1855ರಲ್ಲಿ ಮೆಥೊಡಿಸ್ಟ್ ಉಪದೇಶಿಗಳಾದ ವಿಲಿಯಂ ಬೂತರೊಡನೆ ವಿವಾಹವಾಯಿತು. ಸ್ವಭಾವದಿಂದ ಅವರು ಬಹು ಸಂಕೋಚದವರು.

ಅಮೇರಿಕದ ಫೀಬಿ ಪಾಮರ್ ಅಮ್ಮನವರು ಆ ಕಾಲದಲ್ಲಿ ಇಂಗ್ಲೆಂಡಿಗೆ ಬಂದು ಉಜ್ಜೀವನ ಕೂಟಗಳನ್ನು ನಡಿಸುತ್ತಿದ್ದರು. ಸ್ತ್ರೀಯು ಸಭೆಯಲ್ಲಿ ಬೋಧಿಸಕೂಡದೆಂದು ಸಂಡರ್‌ಲೆಂಡಿನ ಬೋಧಕರೊಬ್ಬರು ಅವರನ್ನು ಖಂಡಿಸಿದಾಗ, ಬೂತ್ ಅಮ್ಮನವರು 1859ರಲ್ಲಿ ಒಂದು ಕಿರುಪುಸ್ತಕವನ್ನೇ ಬರೆದು ಉತ್ತರ ಕೊಟ್ಟರು. ಕೊರಿಂಥದ ಸ್ತ್ರೀಯರು ಮೌನವಾಗಿರಬೇಕೆಂದ ಪೌಲನೇ ಅದೇ ಪತ್ರಿಕೆಯಲ್ಲಿ, ಪ್ರಾರ್ಥಿಸುವ ಮತ್ತು ಪ್ರವಾದಿಸುವ ಸ್ತ್ರೀಯು ತಲೆಗೆ ಮುಸುಕು ಹಾಕಿಕೊಳ್ಳಬೇಕೆಂದು ವಿಧಿಸುತ್ತಾನೆ. ಆಕೆ ಬಾಯಿ ತೆರೆಯಲೇಬಾರದೆಂದಿದ್ದರೆ ಈ ವಿಧಿಗೆ ಅರ್ಥವೇನು? ಪುನರುತ್ಥಾನದ ಸುವಾರ್ತೆಯನ್ನು ಶಿಷ್ಯರಿಗೆ ತಿಳಿಸಿದವಳು ಮಗ್ದಲದ ಮರಿಯಳಲ್ಲವೇ? ರೂಢಿಯಿಂದ ಬಂದದ್ದನ್ನು ಜನರು ಸ್ತ್ರೀಸ್ವಭಾವವೆಂದು ತಪ್ಪಾಗಿ ಎಣಿಸಿದ್ದಾರೆಂಬುದೇ ಅವರ ವಾದದ ಸಾರ.

ಬರೆಯುವುದು ಬೇರೆ, ಎದ್ದು ನಿಲ್ಲುವುದು ಬೇರೆ. ಪರರ ಪರವಾಗಿ ಲೇಖನಿ ಹಿಡಿದವರು ತಾವು ಮಾತ್ರ ಉಪದೇಶಪೀಠವನ್ನು ಏರಿರಲಿಲ್ಲ. 1860ರ ಪಂಚಾಶತ್ತಮ ಹಬ್ಬದ ಭಾನುವಾರ, ಗೇಟ್ಸ್‌ಹೆಡ್ ಎಂಬ ಊರಿನ ದೇವಾಲಯದಲ್ಲಿ ಪತಿಯ ಉಪದೇಶವು ಮುಗಿಯುತ್ತಲೇ ಅವರು ಆಸನದಿಂದೆದ್ದು ಮುಂದಕ್ಕೆ ನಡೆದರು. ಆಗ ಅವರು ನಾಲ್ಕು ಮಕ್ಕಳ ತಾಯಿ. ಕಡೆಯ ಕೂಸಿಗೆ ಇನ್ನೂ ನಾಲ್ಕೇ ತಿಂಗಳು. ಏನಾಯಿತೋ ಎಂದು ಪತಿಯು ಕೆಳಗಿಳಿದು ವಿಚಾರಿಸಲು, ಒಂದು ಮಾತು ಹೇಳಬೇಕೆಂದರು. ಜನರು ತಮ್ಮನ್ನು ಭಕ್ತಳೆಂದು ಎಣಿಸಿದರೂ, ದೇವರ ಕರೆಗೆ ತಾವು ಬಹುಕಾಲ ಅವಿಧೇಯರಾಗಿದ್ದೆವೆಂದು ಸಭೆಯ ಮುಂದೆ ಅರಿಕೆಮಾಡಿದರು. ಅದೇ ಸಾಯಂಕಾಲ ಅವರ ಮೊದಲ ಉಪದೇಶವಾಯಿತು. ಎದ್ದರೆ ನಗೆಪಾಟಲಾಗುವೆ ಎಂದು ಮನಸ್ಸು ಆಗ ಹೆದರಿಸಿತೆಂದೂ, ಕ್ರಿಸ್ತನಿಗೋಸ್ಕರ ನಗೆಪಾಟಲಾಗಲು ಈವರೆಗೆ ತಾವು ಒಪ್ಪಿರಲಿಲ್ಲವೆಂಬ ಅರಿವೇ ತಮ್ಮನ್ನು ಎಬ್ಬಿಸಿತೆಂದೂ ಮುಂದೆ ಹೇಳಿಕೊಂಡಿದ್ದಾರೆ.

ಧೈರ್ಯವು ಕೆಲವರಿಗೆ ಮಾತ್ರ ಹುಟ್ಟಿನಿಂದ ಬರುವ ಗುಣವೆಂಬ ಎಣಿಕೆಯನ್ನು ಈ ಸಂಗತಿಯು ಸುಳ್ಳುಮಾಡುತ್ತದೆ. ನಡುಗುತ್ತಲೇ ವಿಧೇಯರಾದವರಿಗೆ ಧೈರ್ಯವು ದೊರಕಿತು. ಎದ್ದು ನಿಂತಾಗ ಹೇಳಲು ಅವರಲ್ಲಿ ಮಾತೂ ಇತ್ತು. ಇಪ್ಪತ್ತು ವರ್ಷಗಳ ಓದು ಅದನ್ನು ಕೂಡಿಸಿಟ್ಟಿತ್ತು. ಅದೇ ವರ್ಷ ಪತಿಯು ಕಾಯಿಲೆ ಬಿದ್ದಾಗ ಅವರ ಉಪದೇಶದ ಭಾರವನ್ನು ಈ ತಾಯಿಯೇ ಹೊತ್ತರು.

1865ರಲ್ಲಿ ದಂಪತಿಗಳು ಲಂಡನಿನ ಪೂರ್ವಭಾಗದ ಬಡವರ ನಡುವೆ ಆರಂಭಿಸಿದ ಸೇವೆಯು 1878ರಲ್ಲಿ ಸಾಲ್ವೇಷನ್ ಆರ್ಮಿ ಎಂಬ ಹೆಸರನ್ನು ಪಡೆಯಿತು. ಅದರಲ್ಲಿ ಸ್ತ್ರೀಯರಿಗೂ ಬೋಧಿಸುವ ಮತ್ತು ಅಧಿಕಾರ ವಹಿಸುವ ಹಕ್ಕಿತ್ತು. ಎಳೆಯ ಹುಡುಗಿಯರನ್ನು ಕೆಡಿಸುವ ದುಷ್ಟರಿಗೆ ಕಾನೂನಿನ ತಡೆ ಬೇಕೆಂದು 1885ರಲ್ಲಿ ಅವರು ವಿಕ್ಟೋರಿಯಾ ರಾಣಿಯವರಿಗೇ ಪತ್ರ ಬರೆದರು. ಆ ವರ್ಷ ಬಾಲಿಕೆಯರ ರಕ್ಷಣೆಯ ವಯೋಮಿತಿಯು 13ರಿಂದ 16ಕ್ಕೆ ಏರಿತು. 1888ರಲ್ಲಿ ಸ್ತನದ ಕ್ಯಾನ್ಸರ್ ಕಾಣಿಸಿತು. ವೈದ್ಯರು ಸೂಚಿಸಿದ ಶಸ್ತ್ರಚಿಕಿತ್ಸೆಗೆ ಅವರು ಒಪ್ಪಲಿಲ್ಲ. ಇದನ್ನು ಮಾತ್ರ ನಾವು ಅನುಸರಿಸತಕ್ಕದ್ದಲ್ಲ. ಚಿಕಿತ್ಸೆಯೂ ದೇವರ ವರವೇ. 1890ರ ಅಕ್ಟೋಬರ್ 4ರಂದು ಕರ್ತನಲ್ಲಿ ನಿದ್ರೆಹೋದರು.

ಇಷ್ಟು ಧೈರ್ಯ ಕಲಿತ ಹುಡುಗಿಯು ಸಂಸಾರಕ್ಕೆ ಒಗ್ಗುವಳೇ ಎಂದು ಕೆಲವು ಪೋಷಕರು ಕೇಳಬಹುದು. ಬೂತ್ ಅಮ್ಮನವರು ಎಂಟು ಮಕ್ಕಳನ್ನು ಸಾಕಿದವರು. ಗೇಟ್ಸ್‌ಹೆಡ್ಡಿನಲ್ಲಿ ನಾಲ್ಕು ತಿಂಗಳಾಗಿದ್ದ ಕೂಸು ಎಮ್ಮ ದೊಡ್ಡವಳಾಗಿ ಪತಿಯೊಡನೆ ನಮ್ಮ ಭಾರತದಲ್ಲಿ ಸೇವೆಮಾಡಿದಳು. ಇನ್ನೊಬ್ಬ ಮಗಳು ಇವಾಂಜಲಿನ್ 1934ರಲ್ಲಿ ಆ ಸೈನ್ಯಕ್ಕೆಲ್ಲಾ ಜನರಲ್ ಆದಳು. ಎದುರುತ್ತರ ಕೊಡುವುದನ್ನು ಧೈರ್ಯವೆಂದು ನಾವು ಕಲಿಸುವುದಿಲ್ಲ. ಸತ್ಯವನ್ನು ಹೇಳಬೇಕಾದ ಸಮಯದಲ್ಲಿ ನಾಲಿಗೆಯನ್ನು ಹಿಡಿದುಕೊಳ್ಳದಿರುವುದನ್ನು ಕಲಿಸುತ್ತೇವೆ.

ಆದುದರಿಂದ ಪೋಷಕರೇ, ಮನೆಯ ಪ್ರಾರ್ಥನೆಯಲ್ಲಿ ಮಗಳಿಂದ ಓದಿಸಿರಿ. ಅವಳ ಅಭಿಪ್ರಾಯವನ್ನು ಕೇಳಿರಿ. ಶಾಲೆಯ ಸಭೆಯಲ್ಲಿ ಮಾತಾಡುವ ಸರದಿ ಬಂದಾಗ ಬೇಡವೆಂದು ಚೀಟಿ ಕಳುಹಿಸಬೇಡಿರಿ. ಪ್ರಿಯ ಪೂರ್ವವಿದ್ಯಾರ್ಥಿನಿಯರೇ, ನಿಮ್ಮ ಸಭೆಯಲ್ಲಿ, ಊರಿನಲ್ಲಿ, ಕೆಲಸದ ಸ್ಥಳದಲ್ಲಿ ಅನ್ಯಾಯವನ್ನು ಕಂಡೂ ಬೇರೆ ಯಾರಾದರೂ ಹೇಳಲೆಂದು ಕಾದಿದ್ದೀರೋ? ಕಾಲು ನಡುಗಿದರೂ ಚಿಂತೆಯಿಲ್ಲ, ಎದ್ದು ನಿಲ್ಲಿರಿ. ಹೇಳಬೇಕಾದ ಮಾತನ್ನು ಕರ್ತನು ನಿಮಗೆ ಅನುಗ್ರಹಿಸಲಿ.