ಯಂತ್ರಮಾನವನೂ ಬಿಟ್ಟಿಯಾಳೂ

‘ರೋಬೋಟ್’ ಎಂಬುದಕ್ಕೆ ‘ಯಂತ್ರಮಾನವ’ ಎಂಬ ಮಾತನ್ನು ನಾವು ರೂಢಿಸಿಕೊಂಡಿದ್ದೇವೆ. ಕಿವಿಗೆ ಇಂಪಾದ ಮಾತೇ ಸರಿ. ಆದರೆ ಮೂಲದಲ್ಲಿ ಯಂತ್ರವೇ ಇಲ್ಲ. 1920ರಲ್ಲಿ ಅಚ್ಚಾದ, ಚೆಕ್ ಲೇಖಕ ಕಾರೆಲ್ ಚಾಪೆಕ್‌ನ ‘ಆರ್.ಯು.ಆರ್.’ ನಾಟಕದಿಂದ ಬಂದ ಶಬ್ದವಿದು. ಸೂಚಿಸಿದವನು ಅವನ ಅಣ್ಣ ಯೋಸೆಫ್. ಚೆಕ್ ನುಡಿಯ ‘ರೋಬೋಟ’ ಎಂದರೆ ಒಡೆಯನ ಹೊಲದಲ್ಲಿ ಕೂಲಿಯಿಲ್ಲದೆ ಗೇಯುವ ದುಡಿಮೆ. ನಮ್ಮ ಶಾಸನಗಳ ‘ಬಿಟ್ಟಿ’ಯೇ ಅದು. ನಾಟಕದ ಆಳುಗಳು ಲೋಹದವರೂ ಅಲ್ಲ, ರಾಸಾಯನಿಕ ಪಾಕದಿಂದ ರೂಪುಗೊಂಡ ಮೈಯವರು.

ಯಂತ್ರ ಎಂದಾದರೂ ಮನುಷ್ಯನಾದೀತೆ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ದುಡಿಮೆಯನ್ನೆಲ್ಲ ಪರರ ಹೆಗಲಿಗೆ ಹೊರಿಸಿದ ಮನುಷ್ಯ ಏನಾದಾನು ಎಂಬುದೇ ಚಾಪೆಕ್‌ನ ಕಳವಳವೆಂದು ನನ್ನ ಎಣಿಕೆ. ಆ ನಾಟಕದಲ್ಲಿ ಮನುಷ್ಯರಿಗೆ ಮಕ್ಕಳು ಹುಟ್ಟುವುದೇ ನಿಂತುಹೋಗುತ್ತದೆ. ದಂಗೆಯೆದ್ದ ಆಳುಗಳು ಆಲ್ಕ್ವಿಸ್ಟನೊಬ್ಬನನ್ನು ಮಾತ್ರ ಉಳಿಸುತ್ತಾರೆ, ತಮ್ಮಂತೆ ಕೈಯಿಂದ ಕೆಲಸಮಾಡುವವನೆಂದು.

1895ರಲ್ಲಿಯೇ ಎಚ್.ಜಿ. ವೆಲ್ಸ್ ತನ್ನ ಕಾಲಯಾತ್ರಿಕನನ್ನು 802701ನೆಯ ಇಸವಿಗೆ ಕಳುಹಿಸಿ ಕಾಣಿಸಿದ್ದೂ ಇದಕ್ಕೆ ದೂರವಲ್ಲ: ನೆಲದ ಮೇಲೆ ದುಡಿಮೆ ಮರೆತ ಸುಕುಮಾರರು, ನೆಲದಡಿಯಲ್ಲಿ ದುಡಿದು, ಇರುಳು ಮೇಲೇರಿ ಬಂದು ಅವರನ್ನೇ ತಿನ್ನುವವರು. ಕಾಲಯಂತ್ರ ಸಾಧ್ಯವೇ ಎಂದು ತರ್ಕಿಸುವವರು ತರ್ಕಿಸಲಿ. ಗಣಕದಿಂದ ಪ್ರಬಂಧ ಬರೆಯಿಸಿ ತಂದು ನನ್ನ ಮೇಜಿನ ಮೇಲಿಡುವ ಹುಡುಗರನ್ನು ಕಂಡಾಗ ನನಗೆ ನೆನಪಾಗುವುದು ಆ ಸುಕುಮಾರರು. ಗದರಿಸಲು ಬಾಯಿ ಬಾರದು. ನನ್ನ ಅಂಕಪಟ್ಟಿಯನ್ನು ಕೂಡಿಸಿಕೊಡುವುದೂ ಅದೇ ಗಣಕ.