ಮೂತ್ರಪಿಂಡದ ಕಲ್ಲಿಗೆ ರಾಗಿಯನ್ನು ದೂರುವುದು ಸರಿಯೆ?

ಬೇಸಗೆ ಬಂದಿತೆಂದರೆ ಬಯಲುಸೀಮೆಯ ಹಳ್ಳಿಗಳಲ್ಲಿ ಮೂತ್ರಪಿಂಡದ ಕಲ್ಲಿನ ಮಾತು ಹೆಚ್ಚಾಗಿ ಕೇಳಿಬರುವುದು. ಕಲ್ಲು ಇದೆಯೆಂದು ತಿಳಿದೊಡನೆಯೇ ಕೆಲವರು, “ಕಲ್ಲೆಂದರೆ ಸುಣ್ಣ, ರಾಗಿಯಲ್ಲಿಯೂ ಹಾಲಿನಲ್ಲಿಯೂ ಸುಣ್ಣವುಂಟು, ಆದುದರಿಂದ ಎರಡನ್ನೂ ಬಿಡತಕ್ಕದ್ದು” ಎಂದು ತಾವೇ ಪಥ್ಯವನ್ನು ವಿಧಿಸಿಕೊಳ್ಳುವುದುಂಟು. ಈ ತರ್ಕವು ಸರಳವಾಗಿ ತೋರಿದರೂ ಸರಿಯಲ್ಲವೆಂಬುದು ನನ್ನ ಅಭಿಪ್ರಾಯ.

ಇಂಥ ಕಲ್ಲುಗಳಲ್ಲಿ ಬಹುಭಾಗವು ಸುಣ್ಣಾಂಶವೂ ಆಕ್ಸಲೇಟ್ ಎಂಬ ಪದಾರ್ಥವೂ ಕೂಡಿ ಉಂಟಾದವು. ಪಾಲಕ್, ದಂಟು ಮೊದಲಾದ ಸೊಪ್ಪುಗಳಲ್ಲಿ ಆಕ್ಸಲೇಟು ವಿಶೇಷವಾಗಿರುವುದು. ಊಟದಲ್ಲಿ ಸುಣ್ಣಾಂಶವು ಸಾಕಷ್ಟಿದ್ದರೆ, ಅದು ಆಕ್ಸಲೇಟನ್ನು ಕರುಳಿನಲ್ಲಿಯೇ ಹಿಡಿದು ಮಲದೊಡನೆ ಹೊರಗೆ ಸಾಗಿಸುವುದು. ಸುಣ್ಣಾಂಶವು ಕಡಮೆಯಾದರೆ ಆಕ್ಸಲೇಟು ರಕ್ತವನ್ನು ಸೇರಿ ಮೂತ್ರಪಿಂಡಕ್ಕೆ ಬರುವುದು. ಇಟಲಿ ದೇಶದ ವೈದ್ಯರು ಪದೇ ಪದೇ ಕಲ್ಲಾಗುತ್ತಿದ್ದ ೧೨೦ ಮಂದಿ ಗಂಡಸರನ್ನು ಐದು ವರ್ಷ ಪರೀಕ್ಷಿಸಿ ೨೦೦೨ರಲ್ಲಿ ಫಲವನ್ನು ಪ್ರಕಟಿಸಿದರು. ಸುಣ್ಣಾಂಶವನ್ನು ಕಡಮೆ ಮಾಡಿದ ೬೦ ಮಂದಿಯಲ್ಲಿ ೨೩ ಮಂದಿಗೆ ಮತ್ತೆ ಕಲ್ಲಾಯಿತು. ಸುಣ್ಣಾಂಶವನ್ನು ಬಿಡದೆ, ಉಪ್ಪನ್ನೂ ಮಾಂಸವನ್ನೂ ಮಿತಗೊಳಿಸಿದ ೬೦ ಮಂದಿಯಲ್ಲಿ ೧೨ ಮಂದಿಗೆ ಮಾತ್ರ ಆಯಿತು.

ನೂರು ಗ್ರಾಂ ರಾಗಿಯಲ್ಲಿ ೩೦೦ ಮಿಲಿಗ್ರಾಮಿಗೂ ಮೇಲ್ಪಟ್ಟು ಸುಣ್ಣಾಂಶವುಂಟು. ಬಿಳಿ ಅಕ್ಕಿಯಲ್ಲಿ ಅದು ಅತ್ಯಲ್ಪ. ರಾಗಿಯನ್ನೂ ಹಾಲನ್ನೂ ಬಿಟ್ಟವನು ಮೂಳೆಯ ಬಲವನ್ನು ಕಳೆದುಕೊಳ್ಳುವನಲ್ಲದೆ ಕಲ್ಲಿನಿಂದ ಪಾರಾಗಲಾರನು. ರಾಗಿಯಲ್ಲಿಯೂ ಆಕ್ಸಲೇಟು ಇಲ್ಲದಿಲ್ಲ. ಆದರೆ ಮುದ್ದೆ, ಸೊಪ್ಪಿನ ಸಾರುಗಳೊಡನೆ ಮಜ್ಜಿಗೆಯನ್ನೂ ಸೇವಿಸುವ ನಮ್ಮ ರೂಢಿಯು ಅದಕ್ಕೆ ತಕ್ಕ ಉಪಾಯವಾಗಿದೆ. ಮಜ್ಜಿಗೆಗೂ ಉಪ್ಪಿನಕಾಯಿಗೂ ಬಳಸುವ ಉಪ್ಪನ್ನು ಮಾತ್ರ ಮಿತಿಯಲ್ಲಿಡಬೇಕು.

ದೂರಬೇಕಾದುದು ನೀರಿನ ಕೊರತೆಯನ್ನು. ಬಿಸಿಲಿನಲ್ಲಿ ದುಡಿಯುವವನ ನೀರೆಲ್ಲ ಬೆವರಾಗಿ ಹೋಗಿ, ಮೂತ್ರವು ಗಟ್ಟಿಯಾಗಿ ಕಲ್ಲು ಹುಟ್ಟುವುದು. ದಿನಕ್ಕೆ ಎರಡು ಲೀಟರಿನಷ್ಟು ಮೂತ್ರವಾಗುವಂತೆ ನೀರು ಕುಡಿದವರಲ್ಲಿ ಐದು ವರ್ಷಗಳಲ್ಲಿ ನೂರಕ್ಕೆ ೧೨ ಮಂದಿಗೂ, ಹಾಗೆ ಕುಡಿಯದವರಲ್ಲಿ ೨೭ ಮಂದಿಗೂ ಕಲ್ಲು ಮರಳಿತೆಂದು ೧೯೯೬ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಿಂದ ತಿಳಿದುಬಂದಿದೆ. ಮೂತ್ರವು ಕಡು ಹಳದಿಯಾಗಿದ್ದರೆ ನೀರು ಸಾಲದೆಂದು ತಿಳಿಯತಕ್ಕದ್ದು. ಆದರೆ ಹೃದಯದ ಅಥವಾ ಮೂತ್ರಪಿಂಡದ ರೋಗಕ್ಕಾಗಿ ನೀರನ್ನು ಮಿತಗೊಳಿಸಿಕೊಂಡಿರುವವರು ವೈದ್ಯರ ಮಾತನ್ನು ಮೀರಬಾರದು. ನೋವಿನೊಡನೆ ಜ್ವರ ಬಂದರೆ, ಅಥವಾ ಮೂತ್ರ ಕಟ್ಟಿದರೆ, ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಕೂಲಿಯಾಳುಗಳನ್ನು ಹೊಲಕ್ಕೆ ಕರೆಯುವ ಯಜಮಾನರು ಗುದ್ದಲಿ ಕುಡುಗೋಲುಗಳನ್ನು ಒದಗಿಸುವಂತೆಯೇ ಶುದ್ಧವಾದ ನೀರಿನ ಬಿಂದಿಗೆಯನ್ನೂ, ಅದನ್ನು ಕುಡಿಯುವುದಕ್ಕೆ ಬಿಡುವನ್ನೂ ಒದಗಿಸತಕ್ಕದ್ದು. ಇದು ದಯೆಯ ಮಾತಲ್ಲ, ಕರ್ತವ್ಯವೆಂದು ರೈತಬಾಂಧವರು ಭಾವಿಸುವರೆಂದು ನಂಬಿದ್ದೇನೆ.