ಹಸಿರು ಕಂಡದ್ದೆಲ್ಲ ಕಾಡಲ್ಲ ಕಣ್ರೀ!

(1/7)

ಮಳೆಗಾಲ ಶುರುವಾದ್ರೆ ಸಾಕು, ನಮ್ಮೆಲ್ಲರ ಫೀಡ್ ಹಸಿರು. ಆಗುಂಬೆ, ಸಾಗರ, ಶಿರಸಿ, ಮಂಜು, ಬೈಕು, ಒಂದು ಹಳೇ ಹಾಡು, ಕೆಳಗೆ "ನಮ್ಮ ಮಲೆನಾಡು ಸ್ವರ್ಗ". ಲೈಕ್ ಒತ್ತಿ ಮುಂದೆ ಹೋಗ್ತೀವಿ.

ಮುಂದಿನ ಸಲ ಒಂದು ಕೆಲಸ ಮಾಡಿ. ಆ ಫೋಟೋ ಝೂಮ್ ಮಾಡಿ ನೋಡಿ. ಮರಗಳೆಲ್ಲ ಒಂದೇ ಎತ್ತರ, ಒಂದೇ ದಪ್ಪ, ಒಂದೇ ಜಾತಿ, ಸಾಲಾಗಿ ನಿಂತಿವೆಯಾ? ಬುಡದಲ್ಲಿ ಗಿಡ ಇಲ್ಲ, ಬಳ್ಳಿ ಇಲ್ಲ, ಬರೀ ಒಣಗಿದ ಎಲೆ ಹಾಸು ಇದೆಯಾ? ಹಾಗಿದ್ರೆ ನೀವು ಲೈಕ್ ಒತ್ತಿದ್ದು ಕಾಡಿಗಲ್ಲ. ಅಕೇಶಿಯಾ ತೋಟಕ್ಕೆ.

"ಅದರಲ್ಲೇನು, ಹಸಿರು ಹಸಿರೇ ಅಲ್ವಾ" ಅಂತ ಕೇಳೋರಿಗೇ ಈ ಸರಣಿ. ಅಲ್ಲ. ಯಾಕೆ ಅಲ್ಲ ಅಂತ ಏಳು ಭಾಗದಲ್ಲಿ ಹೇಳ್ತೀನಿ. ಉದ್ದ ಇದೆ, ಸೇವ್ ಮಾಡಿಟ್ಟು ನಿಧಾನಕ್ಕೆ ಓದಿ.

(2/7) ಲೆಕ್ಕದಲ್ಲಿ ಬೆಳೆಯುವ ಕಾಡು

ಎರಡು ವರ್ಷಕ್ಕೊಮ್ಮೆ ದೇಶದ ಅರಣ್ಯ ಸ್ಥಿತಿ ವರದಿ ಬರುತ್ತೆ. ಮರುದಿನ ಪೇಪರಿನಲ್ಲಿ "ಅರಣ್ಯ ಹೆಚ್ಚಳ" ಅಂತ ಹೆಡ್‌ಲೈನ್. ನಾವೂ ಖುಷಿಯಿಂದ ಸ್ಟೋರಿ ಹಾಕ್ತೀವಿ. ಆ ವರದಿಯಲ್ಲಿ "ಅರಣ್ಯ ಹೊದಿಕೆ" ಅಂದ್ರೆ ಏನು ಅಂತ ಯಾರಾದ್ರೂ ಓದಿದ್ದೀರಾ?

ಒಂದು ಹೆಕ್ಟೇರ್ ಅಥವಾ ಅದಕ್ಕಿಂತ ದೊಡ್ಡ ಜಾಗ, ಅದರ ಮೇಲೆ ಶೇ 10ಕ್ಕಿಂತ ಹೆಚ್ಚು ಮರದ ನೆರಳು. ಅಷ್ಟಿದ್ರೆ ಸಾಕು, ಅದು ಅರಣ್ಯ ಹೊದಿಕೆ. ಜಾಗ ಯಾರದ್ದು, ಮರ ಯಾವುದು ಅನ್ನೋ ಪ್ರಶ್ನೆಯೇ ಇಲ್ಲ. ಹಣ್ಣಿನ ತೋಟವೂ ಬರುತ್ತೆ, ನೀಲಗಿರಿ, ರಬ್ಬರ್, ಅಕೇಶಿಯಾ ಎಲ್ಲವೂ ಬರುತ್ತೆ. ಮೇಲಿಂದ ನೋಡೋ ಉಪಗ್ರಹಕ್ಕೆ ಎಲ್ಲಾ ಒಂದೇ ಹಸಿರು.

ಅಂದ್ರೆ ನೂರಾರು ವರ್ಷದ ಕಾಡು ಕಡಿದು ಅಷ್ಟೇ ಜಾಗದಲ್ಲಿ ಅಕೇಶಿಯಾ ನೆಟ್ರೆ, ಕೆಲವು ವರ್ಷದ ನಂತರ ಲೆಕ್ಕದಲ್ಲಿ ನಷ್ಟ ಸೊನ್ನೆ!

ಮರದ ಜಾತಿ ನೋಡಿ ಲೆಕ್ಕ ಹಾಕಿದ್ರೆ ಏನಾಗುತ್ತೆ? ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತವರ ತಂಡ ಉತ್ತರ ಕನ್ನಡವನ್ನು ಹಾಗೆ ನೋಡಿದೆ. 1973ರಲ್ಲಿ ಜಿಲ್ಲೆಯ ಸುಮಾರು ಶೇ 67 ಭಾಗ ನಿತ್ಯಹರಿದ್ವರ್ಣ ಮತ್ತು ಅರೆ ನಿತ್ಯಹರಿದ್ವರ್ಣ ಕಾಡು. 2013ಕ್ಕೆ ಸುಮಾರು ಶೇ 32. ನಮ್ಮ ಅಪ್ಪ ಅಮ್ಮಂದಿರ ಒಂದು ತಲೆಮಾರಿನಲ್ಲಿ ಅರ್ಧಕ್ಕೂ ಹೆಚ್ಚು ಹೋಯ್ತು. ಅಣೆಕಟ್ಟು, ರಸ್ತೆ, ತೋಟ, ಒತ್ತುವರಿ, ನೆಡುತೋಪು, ಎಲ್ಲವೂ ಸೇರಿ ತಿಂದಿದ್ದು ಇದು.

(3/7) ಕಾನು ಹೋಗಿ ಅಕೇಶಿಯಾ ಬಂತು

ಸೊರಬದ ಕಡೆಯವರಿಗೆ "ಕಾನು" ಅಂದ್ರೆ ಗೊತ್ತು. ಊರವರೇ ಕಾಪಾಡಿಕೊಂಡು ಬಂದ ದಟ್ಟ ಕಾಡು. ಒಳಗೆ ದೇವರ ಬನ, ಕಾಳುಮೆಣಸಿನ ಬಳ್ಳಿ, ಬಗನಿ ಮರ, ಹಳ್ಳದ ಹುಟ್ಟು. 1868ರಲ್ಲಿ ಬ್ರಿಟಿಷ್ ಅಧಿಕಾರಿಗಳಾದ ಬ್ರಾಂಡಿಸ್ ಮತ್ತು ಗ್ರಾಂಟ್ ಸೊರಬ ಒಂದೇ ತಾಲೂಕಿನಲ್ಲಿ 171 ಕಾನುಗಳನ್ನು ದಾಖಲು ಮಾಡಿದ್ರು. ಇವತ್ತು ಅದೇ ತಾಲೂಕಿನಲ್ಲಿ ಬೈಕ್ ಓಡಿಸಿ ನೋಡಿ, ಎಷ್ಟು ಕಾಣಿಸುತ್ತೆ ಅಂತ.

ಇನ್ನೊಂದು ಕಥೆ. ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆ, ನಮ್ಮ ಬಾಯಲ್ಲಿ ಎಂಪಿಎಂ. ಅದಕ್ಕೆ ಮರ ಬೇಕು ಅಂತ 1980ರಲ್ಲಿ ಸರ್ಕಾರ 40 ವರ್ಷಕ್ಕೆ ಅರಣ್ಯಭೂಮಿ ಗುತ್ತಿಗೆ ಕೊಡ್ತು. 20 ಸಾವಿರ ಹೆಕ್ಟೇರ್‌ಗೂ ಹೆಚ್ಚು! ಅಲ್ಲಿ ಅಕೇಶಿಯಾ, ನೀಲಗಿರಿ ಬಂತು. 2015ರಲ್ಲಿ ಕಾರ್ಖಾನೆ ಉತ್ಪಾದನೆಯೇ ನಿಲ್ಲಿಸ್ತು. 2020ರಲ್ಲಿ ಗುತ್ತಿಗೆ ಮುಗೀತು. ಭೂಮಿಯನ್ನು ಮತ್ತೆ ಕಾಡಾಗೋಕೆ ಬಿಡೋ ಅವಕಾಶ ಅದು. ಏನಾಯ್ತು? ಓಡದೇ ಇರೋ ಕಾರ್ಖಾನೆಗೆ ಇನ್ನೂ 40 ವರ್ಷ ಗುತ್ತಿಗೆ ಮುಂದುವರಿಸೋ ಆದೇಶ ಬಂತು. ಕಾಗದ ಇಲ್ಲ, ಕಾಡೂ ಇಲ್ಲ. ಜನ "ನಮ್ಮೂರಿಗೆ ಅಕೇಶಿಯಾ ಮರ ಬೇಡ" ಅಂತ ಬೀದಿಗಿಳಿದಿದ್ದು ಸುಮ್ಮನೆ ಅಲ್ಲ.

40 ವರ್ಷ ಅಂದ್ರೆ ಏನು ಲೆಕ್ಕ ಹಾಕಿ. ಈಗ ಡಿಗ್ರಿ ಓದ್ತಾ ಇರೋ ನಾವು ರಿಟೈರ್ ಆಗೋ ಹೊತ್ತು. ನಮ್ಮ ಇಡೀ ದುಡಿಯೋ ಆಯಸ್ಸಿನ ಕಾಡನ್ನು, ನಮ್ಮನ್ನು ಒಂದು ಮಾತೂ ಕೇಳದೆ ಬರೆದು ಕೊಡೋದು ಅಂದ್ರೆ ಇದೇ.

(4/7) ನೀರು ಎಲ್ಲಿಂದ ಬರುತ್ತೆ?

"ಪರಿಸರ ಸೇವೆ" ಅಂತ ಪಠ್ಯಪುಸ್ತಕದಲ್ಲಿ ಇದೆ. ಐದು ಮಾರ್ಕ್ಸ್‌ಗೆ ಬರೆದು ಮರೆತಿದ್ದೀವಿ. ಮಲೆನಾಡಲ್ಲಿ ಅದರ ಅರ್ಥ ತುಂಬ ಸರಳ. ಮಾರ್ಚ್ ತಿಂಗಳಲ್ಲಿ ಮನೆ ಹಿಂದಿನ ಅಬ್ಬಿ ನೀರು ಬರುತ್ತಾ, ನಿಂತು ಹೋಗುತ್ತಾ?

ನಮ್ಮಲ್ಲಿ ಮಳೆ ಹೆಚ್ಚುಕಮ್ಮಿ ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುತ್ತೆ. ಉಳಿದ ಎಂಟು ತಿಂಗಳು ಹಳ್ಳ ಹರಿಯಬೇಕಾದ್ರೆ ಆ ನೀರನ್ನು ಗುಡ್ಡ ಹಿಡಿದಿಟ್ಟುಕೊಂಡು ನಿಧಾನಕ್ಕೆ ಬಿಡಬೇಕು. ದಟ್ಟ ಕಾಡಲ್ಲಿ ಮಳೆ ಮೊದಲು ಮೇಲಿನ ಎಲೆ, ನಡುವಿನ ಎಲೆ, ಕೆಳಗಿನ ಪೊದೆ ಅಂತ ಇಳಿದು ಬರುತ್ತೆ. ನೆಲದಲ್ಲಿ ಕೊಳೆತ ದರಕು, ಹುಳು ಕೊರೆದ ತೂತು, ಬೇರೆ ಬೇರೆ ಆಳದ ಬೇರು. ನೀರು ಓಡೋ ಬದಲು ಇಂಗುತ್ತೆ. ಅಕೇಶಿಯಾ ಎಲೆ ಬೇಗ ಕೊಳೆಯೋದಿಲ್ಲ, ದನ ತಿನ್ನೋದಿಲ್ಲ, ಬೇಸಿಗೆಯಲ್ಲಿ ಬೆಂಕಿಗೆ ಮಾತ್ರ ಸಿಗುತ್ತೆ. ಕಟಾವಿನ ನಂತರ ಬರೀ ನೆಲದ ಮೇಲೆ ಜೂನ್ ಮಳೆ ಬಿದ್ರೆ ಮಣ್ಣೂ ಹೊಳೆಗೆ.

ಇದೇ ಘಟ್ಟದ ಅಧ್ಯಯನಗಳು ಹೇಳೋದೂ ಇದನ್ನೇ: ಸ್ಥಳೀಯ ಜಾತಿಯ ಕಾಡು ಹೆಚ್ಚಿರೋ ಕಡೆ ಹಳ್ಳ ವರ್ಷಪೂರ್ತಿ ಹರಿಯುತ್ತೆ, ಏಕಜಾತಿ ತೋಪು ಹೆಚ್ಚಾದ ಕಡೆ ಮಳೆಗಾಲದ ಜೊತೆಗೇ ಬತ್ತುತ್ತೆ. ಆಮೇಲೆ ಪಂಚಾಯ್ತಿ ಟ್ಯಾಂಕರ್ ಕಳಿಸುತ್ತೆ. ಕಾಡು ಪುಕ್ಕಟೆ ಮಾಡ್ತಿದ್ದ ಕೆಲಸಕ್ಕೆ ಈಗ ಬಿಲ್ಲು.

(5/7) ಬಿಲ್ಲು ಯಾರ ಹೆಸರಿಗೆ?

ಕಾಡು ಹೋದಾಗ ಮೊದಲು ಏಟು ತಿನ್ನೋರು ಜಮೀನು ಕಡಿಮೆ ಇರೋರು. ಉಪ್ಪಾಗೆ, ಮುರುಗಲು, ವಾಟೆ, ಸೀಗೆ, ಜೇನು, ರಾಮಪತ್ರೆ, ಬೆತ್ತ, ಇವೆಲ್ಲ ಕಾಡಿನ ದುಡಿಮೆ. ಮುರುಗಲು ಹಣ್ಣು ಕುಯ್ಯೋ ಹೆಂಗಸಿಗೆ ಅಕೇಶಿಯಾ ತೋಪಿನಲ್ಲಿ ಏನು ಸಿಗುತ್ತೆ? ಸೌದೆ. ಅಷ್ಟೇ.

ತೋಟದವರಿಗೂ ಬಿಸಿ ತಟ್ಟಿದೆ. ಉತ್ತರ ಕನ್ನಡದಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೂ ಸೊಪ್ಪಿನ ಬೆಟ್ಟ ಬಳಸೋ ಸೌಲಭ್ಯ ಇದೆ. ಯಾಕೆ? ಹಿರಿಯರಿಗೆ ಗೊತ್ತಿತ್ತು, ತೋಟ ತನ್ನಷ್ಟಕ್ಕೆ ತಾನೇ ನಿಲ್ಲಲ್ಲ. ಸೊಪ್ಪು, ದರಕು, ಗೊಬ್ಬರ, ನೀರು, ಎಲ್ಲಾ ಬೆಟ್ಟದಿಂದ. ಈಗ ಗದ್ದೆಯೂ ಅಡಿಕೆ, ಬೆಟ್ಟದ ಅಂಚೂ ಅಡಿಕೆ. ನೀರು ನಿಲ್ತಿದ್ದ ಗದ್ದೆ ಹೋಯ್ತು, ನೀರು ಕೊಡ್ತಿದ್ದ ಬೆಟ್ಟ ಸೊರಗ್ತು, ಜೊತೆಗೆ ಎಲೆಚುಕ್ಕಿ ರೋಗ. ಒಂದೇ ಬೆಳೆ ನಂಬಿದ ಊರಿಗೆ ಒಂದೇ ರೋಗ ಸಾಕು.

ಇನ್ನು ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಮಂಗಗಳು ಸತ್ತಾಗ ಪತ್ತೆಯಾದ ರೋಗ, ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲಿ ಆ ಊರಿನ ಹೆಸರಲ್ಲೇ ಇದೆ. 2019ರಲ್ಲಿ ಸಾಗರದ ಅರಳಗೋಡು ಸುತ್ತ ಜನ ಸತ್ತಿದ್ದು ನಿಮಗೆ ನೆನಪಿರಬಹುದು. ಉಣುಗಿನಿಂದ ಹರಡುವ ಈ ರೋಗದ ಅಪಾಯ ಕಾಡು, ತೋಪು, ತೋಟ, ದನ ಮೇಯೋ ಜಾಗ ಒಂದರೊಳಗೊಂದು ಬೆರೆತ ಕಡೆ ಹೆಚ್ಚು ಅಂತ ಸಂಶೋಧಕರು ತೋರಿಸಿದ್ದಾರೆ. ಅಂಥ ಅಂಚುಗಳಿಗೆ ದಿನಾ ಹೋಗೋರು ಯಾರು? ದರಕು ಗುಡಿಸೋ ಕೂಲಿಯವರು, ದನ ಹುಡುಕೋ ಅಜ್ಜಂದಿರು. ಭೂಬಳಕೆ ಬದಲಾವಣೆ ಅನ್ನೋ ಒಣ ಪದದ ಒಳಗೆ ಇವರ ಪ್ರಾಣ ಇದೆ.

(6/7) "ಹಾಗಾದ್ರೆ ಅಭಿವೃದ್ಧಿ ಬೇಡ್ವಾ?"

ಕಾಮೆಂಟ್‌ನಲ್ಲಿ ಬರೋದು ಗೊತ್ತು, ಇಲ್ಲೇ ಉತ್ತರ ಕೊಡ್ತೀನಿ.

"ಬೋಳು ಗುಡ್ಡಕ್ಕೆ ಅಕೇಶಿಯಾನೇ ವಾಸಿ, ಸೌದೆ ಆದ್ರೂ ಸಿಗುತ್ತೆ." ಬೋಳು ಗುಡ್ಡದಲ್ಲಿ ಅದು ಬೇಗ ಬೆಳೆಯುತ್ತೆ, ಒಪ್ಪಿದೆ. ಸೌದೆಗೆ ಊರ ಹತ್ತಿರ ಒಂದಿಷ್ಟು ಇರಲಿ. ಸಾವಿರಾರು ಹೆಕ್ಟೇರ್ ಯಾಕೆ? ಕಡಿದ ಮೇಲೆ ಮತ್ತೆ ಅದನ್ನೇ ಯಾಕೆ?

"ರೈತರೇ ಒತ್ತುವರಿ ಮಾಡಿದ್ದು, ಅವರನ್ನು ಹೇಳಿ." ಮಾಡಿದ್ದಾರೆ. ದೊಡ್ಡ ಎಸ್ಟೇಟಿನವರೂ ಮಾಡಿದ್ದಾರೆ. ಆದ್ರೆ ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಲಿಂಗನಮಕ್ಕಿಗೆ ಮನೆ, ಗದ್ದೆ ಮುಳುಗಿಸಿಕೊಂಡು ನಾಡಿಗೆ ಕರೆಂಟು ಕೊಟ್ಟ ಶರಾವತಿ ಸಂತ್ರಸ್ತರು ಆರು ದಶಕದ ನಂತರವೂ ಹಕ್ಕುಪತ್ರಕ್ಕೆ ಅಲೀತಿದ್ದಾರೆ. ಕಾರ್ಖಾನೆಗೆ 40 ವರ್ಷ, ಮುಳುಗಿದವನಿಗೆ ಕಚೇರಿ ಬಾಗಿಲು. ಇದ್ಯಾವ ನ್ಯಾಯ?

"ಕಡಿದ್ರೆ ಬೇರೆ ಕಡೆ ನೆಡ್ತಾರಲ್ಲ." ನೆಡ್ತಾರೆ, ಅದಕ್ಕೆ ಪರ್ಯಾಯ ಅರಣ್ಯೀಕರಣ ಅಂತಾರೆ. ಕತ್ತಲೆಕಾನಿನ ರಾಮಪತ್ರೆ ಜಡ್ಡಿಯನ್ನು ಯಾವ ನರ್ಸರಿ ಮಾರುತ್ತೆ? ಸಿಂಗಳೀಕ ಮರದಿಂದ ಮರಕ್ಕೆ ಹಾರೋ ಪ್ರಾಣಿ, ಇನ್ನೊಂದು ಜಿಲ್ಲೆಯ ಸಸಿಗೆ ಬಸ್ಸಲ್ಲಿ ಹೋಗುತ್ತಾ?

"ಪರಿಸರ ಕಾನೂನು ಬಂದ್ರೆ ಹಳ್ಳಿಯವರನ್ನು ಒಕ್ಕಲೆಬ್ಬಿಸ್ತಾರೆ." ಈ ಭಯವನ್ನು ಬಿತ್ತಿದ್ದು ಯಾರು ಅಂತ ಯೋಚಿಸಿ. 2011ರ ಗಾಡ್ಗೀಳ್ ವರದಿಯ ಮೂಲ ಮಾತು, ತೀರ್ಮಾನ ಗ್ರಾಮಸಭೆಯಿಂದ ಶುರುವಾಗಲಿ ಅನ್ನೋದು. ಅದನ್ನು ಊರೂರಲ್ಲಿ ಕನ್ನಡದಲ್ಲಿ ಓದಿಸಿ ಚರ್ಚೆ ಮಾಡಿಸಲೇ ಇಲ್ಲ. ಆಮೇಲೆ ಬಂದ ಕಸ್ತೂರಿರಂಗನ್ ವರದಿಯನ್ನೂ 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ತಿರಸ್ಕರಿಸಿತು. ಅದೇ ವರ್ಷ ಜುಲೈನಲ್ಲಿ ಶಿರೂರಿನಲ್ಲಿ ಹೆದ್ದಾರಿಗೆ ಕಡಿದ ಗುಡ್ಡ ಜನರ ಮೇಲೆ ಕುಸಿದಿತ್ತು. ವರದಿಯಲ್ಲಿ ತಪ್ಪಿದ್ರೆ ತಿದ್ದಿ. ಆದ್ರೆ ಬದಲಿಗೆ ಏನು ಅಂತ ಹೇಳದೆ "ಬೇಡ" ಅನ್ನೋದು ಜನಪರ ಅಲ್ಲ, ಗುಡ್ಡ ಕೊರೆಯೋರ ಪರ.

(7/7) ನಾವೇನು ಮಾಡೋದು?

"ನಮ್ಮ ಕೈಲಿ ಏನಾಗುತ್ತೆ" ಅನ್ನಬೇಡಿ. 1983ರಲ್ಲಿ ಶಿರಸಿಯ ಸಾಲ್ಕಣಿಯಲ್ಲಿ ಮರ ಅಪ್ಪಿಕೊಂಡು ಕೊಡಲಿ ನಿಲ್ಲಿಸಿದ್ದು ಊರಿನ ಯುವಕ ಮಂಡಳಿ, ಹೆಂಗಸರು, ಮಕ್ಕಳು. 1987ರಲ್ಲಿ ಕುಸನೂರಿನಲ್ಲಿ ಜನ ನೀಲಗಿರಿ ಕಿತ್ತು ತಮಗೆ ಬೇಕಾದ ಗಿಡ ಹಚ್ಚಿದ್ರು, ಹೆಸರೇ "ಕಿತ್ತಿಕೋ-ಹಚ್ಚಿಕೋ". ಗೋಮಾಳ, ಊರಿನ ಜಾಗಗಳಲ್ಲಿ ನೀಲಗಿರಿ ಬೆಳೆಸೋಕೆ ಹುಟ್ಟಿದ್ದ ಆ ಕಂಪನಿ ಕೊನೆಗೆ ಬಾಗಿಲು ಮುಚ್ಚಿತು. ಆಗ ಫೋನ್ ಇರಲಿಲ್ಲ, ಫಾಲೋವರ್ಸ್ ಇರಲಿಲ್ಲ.

ನಿಮ್ಮ ಕೈಲಿ ಇರೋದು ಇಷ್ಟು:

• ಮುಂದಿನ ಗ್ರಾಮಸಭೆಗೆ ಹೋಗಿ. "ನಮ್ಮೂರಿನ ಅರಣ್ಯಭೂಮಿಯಲ್ಲಿ ಈ ವರ್ಷ ಯಾವ ಗಿಡ ನೆಡ್ತೀರಿ?" ಅಂತ ಒಂದೇ ಪ್ರಶ್ನೆ ಕೇಳಿ, ಉತ್ತರ ನಡಾವಳಿಯಲ್ಲಿ ಬರೆಸಿ.
• ಪಂಚಾಯ್ತಿಯಲ್ಲಿ ಜೀವವೈವಿಧ್ಯ ದಾಖಲಾತಿ ಇರಬೇಕು, ಕಾನೂನು ಇದೆ. ತೋರಿಸಿ ಅನ್ನಿ. ಅದರಲ್ಲಿ ನಿಮ್ಮೂರ ಹಳ್ಳ, ಕಾನು ಇದೆಯಾ ನೋಡಿ.
• 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಒಂಟಿ ಮನೆಗಷ್ಟೇ ಅಲ್ಲ, ಇಡೀ ಊರಿಗೂ ಸಮುದಾಯ ಹಕ್ಕು ಇದೆ. ಮನೆಯ ಹಿರಿಯರಿಗೆ ಹೇಳಿ, ಅರ್ಜಿ ಬರೆಯೋಕೆ ಕೂತ್ಕೊಳ್ಳಿ.
• ವನಮಹೋತ್ಸವಕ್ಕೆ ಕಾಲೇಜಿನಲ್ಲಿ ಅಕೇಶಿಯಾ ಸಸಿ ಕೊಟ್ರೆ ವಾಪಸ್ ಕೊಡಿ. ನೇರಳೆ, ಹಲಸು, ಮುರುಗಲು ಕೇಳಿ.

ಬಿಟ್ರೆ ಕಾಡು ತಾನೇ ಬರುತ್ತೆ, ಅದಕ್ಕೆ ನಮ್ಮ ಸೆಲ್ಫಿ ಬೇಕಾಗಿಲ್ಲ. ಬೇಕಾಗಿರೋದು ಜಾಗ ಮತ್ತು ಸಮಯ. ಅದನ್ನು 40 ವರ್ಷದ ಗುತ್ತಿಗೆಗೆ ಬರೆದುಕೊಡೋವಾಗ ಅಡ್ಡ ನಿಲ್ಲೋ ಜನ.

ನಿಮ್ಮೂರಲ್ಲಿ ಬೇಸಿಗೆಯಲ್ಲೂ ಹರಿಯೋ ಹಳ್ಳ ಯಾವುದು? ಹೆಸರು ಕಾಮೆಂಟ್ ಮಾಡಿ. ಅದರ ಮೇಲ್ಗಡೆ ಇರೋದು ಕಾಡಾ, ತೋಪಾ ಅಂತಲೂ ಬರೀರಿ. ಆ ಪಟ್ಟಿಯನ್ನು ಪಂಚಾಯ್ತಿಗೆ ತಗೊಂಡು ಹೋಗೋಣ.

#ಹಸಿರೆಲ್ಲಕಾಡಲ್ಲ #ಅಕೇಶಿಯಾಬೇಡ #ಮಲೆನಾಡು #ನಮ್ಮಕಾನು #ಗ್ರಾಮಸಭೆಗೆಬನ್ನಿ